ಮೂರು ನಿಮಿಷದ ಪರೀಕ್ಷೆ

ಶಿಶುಗೃಹದ ಆ ಒಂದೂವರೆ ವರ್ಷದ ಮಗುವಿಗೆ ತಾಯಿ ಇರಲಿಲ್ಲ. ಆರು ತಿಂಗಳಿಂದ ಅದನ್ನು ನೋಡಿಕೊಳ್ಳುತ್ತಿದ್ದವಳು ಅದರ ಮೂರನೆಯ ಆಯಾ, ನೀಲವ್ವ.

ಮಕ್ಕಳನ್ನು ಪರೀಕ್ಷಿಸಲು ಬಂದಿದ್ದ, ಮನಶ್ಶಾಸ್ತ್ರ ಓದುತ್ತಿದ್ದ ಹುಡುಗಿ ಪರೀಕ್ಷೆಯ ಕ್ರಮ ಹೇಳಿದಳು. ನೀಲವ್ವ ಮೂರು ನಿಮಿಷ ಹೊರಗೆ ನಿಂತು ಮತ್ತೆ ಒಳಗೆ ಬರಬೇಕು, ಅಷ್ಟೇ.

"ಕೂಸು ಅತ್ತರ ಚಲೋನೋ, ಅಳದಿದ್ದರ ಚಲೋನೋ, ಅಕ್ಕಾರ?"

"ಅತ್ತು, ನೀವು ಬಂದ ಕೂಡಲೇ ಸುಮ್ಮನಾದ್ರ ಭಾಳ ಚಲೋ. ನಿಮ್ಮನ್ನ ಹಚ್ಚಿಕೊಂಡೈತಿ ಅಂತ ಅರ್ಥ."

ನೀಲವ್ವ ಮಗುವಿನ ಕಿವಿಯಲ್ಲಿ, "ಅಳಬ್ಯಾಡ ನನ್ನಪ್ಪಾ," ಎಂದು ಹೇಳಿ ಹೊರಗೆ ಹೋದಳು. ಮಗು ಬಾಗಿಲು ಬಡಿದು ಬಡಿದು ಅತ್ತಿತು. ಅವಳು ಬಂದೊಡನೆ ಸೆರಗು ಹಿಡಿದು ಸುಮ್ಮನಾಯಿತು.

"ಫಸ್ಟ್ ಕ್ಲಾಸ್‌ನ್ಯಾಗ ಪಾಸಾದ್ರಿ ನೋಡ್ರಿ!" ಹುಡುಗಿ ನಕ್ಕಳು.

"ಅಳಲಿಲ್ಲ ಅಂತ ಬರೀರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳ್ತೀನಿ."

"ಸುಳ್ಳು ಬರಿಯಾಕ ಬರಂಗಿಲ್ರೀ. ಅಂಜಬ್ಯಾಡ್ರಿ, ನಿಮ್ಮನ್ನ ಹೊಗಳೇ ಬರದೀನಿ."

ಮೇಲ್ವಿಚಾರಕಿ ವರದಿಯನ್ನು ನಿಂತಲ್ಲೇ ಓದಿದರು.

"ದತ್ತು ಹೋಗೋ ಕೂಸು ಆಯಾನ ಹಚ್ಚಿಕೊಂಡ್ರ ಹೆಂಗ? ನೀಲವ್ವ, ನಾಳಿಂದ ನಿನ್ನ ಡ್ಯೂಟಿ ಅಡಗಿ ಮನ್ಯಾಗ."

"ಮೇಡಂ, ಇದು ಒಳ್ಳೇ ಫಲಿತಾಂಶರೀ..." ಹುಡುಗಿ ನಡುವೆ ಬಾಯಿ ಹಾಕಿದಳು.

"ಇಲ್ಲಿ ಪದ್ಧತೀನ ಹಂಗೈತಿ. ಹಚ್ಚಿಕೊಂಡಿದ್ದು ಗೊತ್ತಾದ್ರ ಬದಲಿ ಮಾಡೋದು. ನೀವು ಲಗೂನ ಹೇಳಿದ್ದು ಚಲೋ ಆತು."

ಮುಂದಿನ ತಿಂಗಳು ಅದೇ ಪರೀಕ್ಷೆ ಮತ್ತೆ ನಡೆಯಿತು. ಹೊಸ ಆಯಾ ಹೊರಗೆ ಹೋದಳು, ಒಳಗೆ ಬಂದಳು. ಮಗು ಬಾಗಿಲ ಕಡೆ ನೋಡಲೇ ಇಲ್ಲ.

ಹತ್ತೊಂಬತ್ತು ತಿಂಗಳಿಗೆ ಅದು ಕಳೆದುಕೊಂಡದ್ದು ಒಬ್ಬ ತಾಯಿ, ಮೂವರು ಆಯಾಗಳು.