ಹಕ್ಕಿಯ ಪಾಲಿನ ಪರಾಗ

ಕುಮಾರ್ ಜೇನುಪೆಟ್ಟಿಗೆಯ ಮುಚ್ಚಳ ಎತ್ತಿದ. ಒಳಗೆ ಒಂದು ಹುಳವೂ ಇರಲಿಲ್ಲ. ಮೇಣದ ಎರಿಗಳು ಒಣಗಿ ಹಗುರಾಗಿದ್ದವು. ಅಲ್ಲೊಂದು ಇಲ್ಲೊಂದು ತೂತಿನಲ್ಲಿ ಸತ್ತ ಮರಿಹುಳ ಕಪ್ಪಗೆ ಅಂಟಿಕೊಂಡಿತ್ತು.

ತೆಂಗಿನ ಗರಿ ಸೀಳುತ್ತ ಕೂತಿದ್ದ ಅವನ ತಾಯಿ ಚಿಕ್ಕಲಕ್ಷ್ಮಮ್ಮ ಅಲ್ಲಿಂದಲೇ ಕೇಳಿದಳು. "ಎದ್ದೋದ್ವಾ?"

"ಎದ್ದೋದೊ."

"ನಾನೇಳ್ನಿಲ್ವಾ? ತಂದಿದ್ನೆಲ್ಲ ಬಾಗ್ಲಲ್ಲೇ ಕಿತ್ಕಂಡ್ರೆ ಮರಿಗೇನು ಉಣ್ಣುಸ್ತವೆ? ಅವುಕ್ಕೂ ಮಕ್ಳಿರ್ತವೆ ಕಣ್ಲಾ."

ಕುಮಾರ್ ಮುಚ್ಚಳ ಮುಚ್ಚಿದ. ಪೆಟ್ಟಿಗೆಯ ಬಾಗಿಲಿಗೆ ಸಣ್ಣ ತೂತುಗಳ ತಗಡು ಕೂರಿಸಿದವನು ಅವನೇ. ಹುಳಗಳು ಆ ತೂತಿನಲ್ಲಿ ನುಸುಳುವಾಗ, ಕಾಲಿಗೆ ಮೆತ್ತಿಕೊಂಡು ತಂದ ಪರಾಗದ ಉಂಡೆ ಉದುರಿ ಕೆಳಗಿನ ತಟ್ಟೆಗೆ ಬೀಳುತ್ತಿತ್ತು. ಒಂದೆರಡು ದಿನ ಹಾಕಿ ತೆಗೆದುಬಿಡಬೇಕು ಎಂಬುದು ಅವನಿಗೆ ಗೊತ್ತಿತ್ತು. ತೆಗೆಯಲಿಲ್ಲ. ಹಾಸನದಲ್ಲಿ ತಂಗಿ ಕಾಯುತ್ತಿದ್ದಳು.

ತಂಗಿ ಮೇಘಶ್ರೀ ಊರಿಗೆ ಬರುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅಪ್ಪನ ತಿಥಿಯ ದಿನ ತೋಟದ ವಿಚಾರಕ್ಕೆ ಅವಳೇನೋ ಹೇಳಹೋದಾಗ, ಇವನು ನೆಂಟರೆದುರು "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಸುಮ್ಕಿರು ನೀನು" ಎಂದುಬಿಟ್ಟಿದ್ದ. ಅವಳು ಎಲೆಯ ಮುಂದಿನಿಂದ ಎದ್ದು ಹೋಗಿದ್ದಳು. ಇವನು ಕರೆಯಲೂ ಇಲ್ಲ. ಈ ಯುಗಾದಿ ಕಳೆದ ಮೇಲೆ ಅವಳದೇ ಫೋನ್ ಬಂತು. ಸಾಕಿದ ಗಿಳಿಜಾತಿಯ ಕಾಕಟೀಲ್ ಹಕ್ಕಿ ತನ್ನ ಪುಕ್ಕ ತಾನೇ ಕಿತ್ತುಕೊಳ್ಳುತ್ತಿದೆ, ಕಾಳಿನ ಜೊತೆ ಚಿಟಿಕೆ ಪರಾಗ ಬೆರೆಸಿ ಹಾಕಿ ನೋಡು ಎಂದು ಯಾರೋ ಹೇಳಿದ್ದಾರೆ, ನಿನ್ನ ಪೆಟ್ಟಿಗೆಯಲ್ಲಿ ಸಿಗುತ್ತದಾ? ಅಷ್ಟೇ ಕೇಳಿದ್ದಳು. ಕುಮಾರ್ ಅವತ್ತೇ ಹೋಗಿ ತಗಡು ಮಾಡಿಸಿಕೊಂಡು ಬಂದ.

ಆಮೇಲೆ ಪ್ರತಿ ಭಾನುವಾರ ಶಾಂತಿಗ್ರಾಮದಲ್ಲಿ ಹಾಸನದ ಬಸ್ಸು ಹತ್ತುತ್ತಿದ್ದ. ಮೊದಮೊದಲು ಬಾಗಿಲಲ್ಲೇ ನಿಂತು ಪರಾಗದ ಬಾಟ್ಲಿ ಕೊಟ್ಟು ಬರುತ್ತಿದ್ದವನು, ಬರಬರುತ್ತ ಕಾಫಿಗೆ ಕೂತ, ಊಟಕ್ಕೂ ನಿಂತ. ಹಕ್ಕಿಯ ಎದೆಯ ಮೇಲೆ ಹೊಸ ಪುಕ್ಕ ಮೂಡಿದ್ದನ್ನು ಇಬ್ಬರೂ ಬಗ್ಗಿ ನೋಡಿದರು. ತಿಥಿಯ ದಿನದ ಮಾತನ್ನು ಯಾರೂ ಎತ್ತಲಿಲ್ಲ. ತಪ್ಪಾಯಿತು ಎನ್ನುವುದಕ್ಕಿಂತ ಬಾಟ್ಲಿ ಕೊಡುವುದು ಅವನಿಗೆ ಸುಲಭವಾಗಿತ್ತು. ಈಚೆಗೆ ಹಕ್ಕಿ ಕಾಣುತ್ತಿರಲಿಲ್ಲ. ಒಳಗಿನ ರೂಮಿನಲ್ಲಿ ಮಲಗಿದೆ ಎನ್ನುತ್ತಿದ್ದಳು. ಅವನೂ ಕೆದಕಿ ಕೇಳಲಿಲ್ಲ.

ಈ ಭಾನುವಾರ ಬರಿಗೈಯಲ್ಲಿ ಹೋದ. ಹುಳ ಎದ್ದುಹೋದದ್ದನ್ನು ಹೇಳಬೇಕು, ಹಾಗೆಯೇ ಆ ಹಳೆಯ ಮಾತಿಗೂ ತಪ್ಪಾಯಿತು ಎಂದುಬಿಡಬೇಕು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿಮಾಡಿಕೊಂಡಿದ್ದ. ಬಿಸಿಲಿಗೆ ಬಾಯಾರಿತ್ತು. ತಂಗಿ ಒಲೆಯ ಮುಂದಿದ್ದಳು. ನೀರಿಗೆಂದು ತಾನೇ ಫ್ರಿಜ್ ತೆರೆದ. ಅವನು ತಂದುಕೊಟ್ಟ ಬಾಟ್ಲಿಗಳು ಸಾಲಾಗಿ ನಿಂತಿದ್ದವು, ಕುತ್ತಿಗೆಯವರೆಗೂ ತುಂಬಿಕೊಂಡು.

ಮೇಘಶ್ರೀ ಸೌಟು ಹಿಡಿದೇ ತಿರುಗಿದಳು.

"ಹಕ್ಕಿ ಹೋಗ್ಬುಡ್ತು ಕಣಣ್ಣ. ಗೌರಿಹಬ್ಬಕ್ಕೆ ಮುಂಚೇನೆ. ಪುಕ್ಕ ಎಲ್ಲ ಬಂದು ಚೆನ್ನಾಗೇ ಇತ್ತು, ಒಂದಿನ ಬೆಳಿಗ್ಗೆ ಎದ್ದು ನೋಡಿದ್ರೆ ಬಿದ್ದಿತ್ತು."

"ಏಳ್ಬಾರ್ದಾಗಿತ್ತಾ?"

"ಹೇಳಿದ್ರೆ ನೀನು ಬರಾದು ನಿಲ್ಲಿಸ್ಬುಡ್ತೀಯೇನೋ ಅಂತ."

ಕುಮಾರ್ ನೀರು ಕುಡಿಯದೆ ಚೊಂಬು ಹಿಡಿದು ನಿಂತ. ಪೆಟ್ಟಿಗೆಯ ಬಾಗಿಲಿಗೆ ಹಾಕಿದ ತಗಡನ್ನು ಗೌರಿಹಬ್ಬದ ಹೊತ್ತಿಗಾದರೂ ಕಿತ್ತಿದ್ದರೆ ಹುಳಗಳು ಉಳಿಯುತ್ತಿದ್ದವೇನೋ.

"ನಿನ್ನ ಹುಳ ಚೆನ್ನಾಗವಾ?" ಅವಳೇ ಕೇಳಿದಳು. "ಪಾಪ, ಎಷ್ಟು ದುಡಿದೊ ನನ್ನ ಹಕ್ಕಿಗೆ."

ಹೇಳಲೆಂದು ಬಂದ ಎರಡು ಮಾತೂ ನೆನಪಿದ್ದವು. ತಂಗಿಯ ಮುಖ ನೋಡಿದ. ಚೊಂಬು ಕೆಳಗಿಟ್ಟ.

"ಅವೆ ಕಣವ್ವ," ಎಂದ. "ಚೆನ್ನಾಗವೆ."

ಅವಳ ಮುಖ ಅರಳಿತು. ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು ಫ್ರಿಜ್ಜಿನ ಹತ್ತಿರ ಬಂದಳು.

"ಹಂಗಾದ್ರೆ ದೀಪಾವಳಿಗೆ ಊರಿಗೆ ಬತ್ತೀನಿ ಕಣಣ್ಣ. ಈ ಬಾಟ್ಲಿಗಳ್ನೂ ತತ್ತೀನಿ. ಹುಳಗ್ಳಿಗೇ ವಾಪಸ್ ಕೊಟ್ಬುಡಾನ."