ಕಪ್ಪುಕುಳಿಯ ಮೇಲಿನ ಬರಹ

ಕಪ್ಪುಕುಳಿಯೊಳಗೆ ಬಿದ್ದವರ ಮಾತೆಲ್ಲ ಅದರ ಮೇಲ್ಮೈಯಲ್ಲಿ ಬರಹವಾಗಿ ಮೂಡುತ್ತಿತ್ತು. ಕುಳಿಯೆದುರಿನ ಬಾಹ್ಯಾಕಾಶ ನಿಲ್ದಾಣದ ಕಿಟಕಿಯಿಂದ ಅದನ್ನು ಬಂಧುಗಳಿಗೆ ಓದಿ ಹೇಳುವುದು ಅನಸೂಯಾಳ ನೌಕರಿ. ಆ ಸೋಮವಾರ ದ್ಯಾಮವ್ವ ಬಂದಿದ್ದಳು. ಅವಳೊಡನೆ ಜಗಳವಾಡಿ ಮನೆಬಿಟ್ಟು ಹೋದ ಮಗಳು ಕುಳಿಗೆ ಬಿದ್ದು ಎರಡು ವರ್ಷವಾಗಿತ್ತು.

“‘ಯವ್ವಾ, ನಂದು ತಪ್ಪಾತು. ಕೇಳಸ್ತದೇನು?’ ಅಂತ ಕೇಳಾಕತ್ತಾಳ್ರಿ,” ಎಂದು ಅನಸೂಯಾ ಓದಿದಳು.

ದ್ಯಾಮವ್ವ ಕಿಟಕಿಯ ಗಾಜಿಗೆ ಬಾಯಿ ಹಚ್ಚಿ ಕೂಗಿದಳು: “ಕೇಳಸ್ತದ ನನ್ನವ್ವಾ! ಸಿಟ್ಟೆಲ್ಲಾ ಹೋತು!” ಆಮೇಲೆ ತಿರುಗಿ, “ನೀನರ ಬರದು ತಿಳಸು,” ಎಂದಳು.

“ಬರೇ ಓದಾಕ ಅಷ್ಟ ಆಗ್ತದ ಯಮ್ಮಾ. ನಮ್ಮ ಮಾತು ಒಳಗ ಮುಟ್ಟಂಗಿಲ್ಲ.”

“ಇಷ್ಟ್ ಕಲತೀದಿ, ಒಂದಕ್ಷರ ಬರಿಯಾಕ ಬರಂಗಿಲ್ಲೇನು?”

ಅಷ್ಟರಲ್ಲಿ ಮುಂದಿನ ಸಾಲು ಮೂಡಿತು. ಅನಸೂಯಾ ತಡವರಿಸುತ್ತ ಓದಿದಳು: “‘ಅವ್ವ ಮಾತಾಡವಲ್ಲಳು. ಇನ್ನೂ ಸಿಟ್ಟಿನಾಗದಾಳ.’”

ದ್ಯಾಮವ್ವ ಮತ್ತೆ ಗಾಜಿಗೆ ಬಾಯಿ ಹಚ್ಚಿ, ಇನ್ನೂ ಜೋರಾಗಿ ಕೂಗತೊಡಗಿದಳು.