ಗಂಗೆಯ ಹೆಸರಿನ ಮೊಳೆಗಳು

ಭಾರ್ಗವರು ತೊಂಬತ್ತೇಳನೆಯ ಉಕ್ಕಿನ ಮೊಳೆಯನ್ನು ಟೈರಿಗೆ ತಿರುಪುತ್ತಿದ್ದಾಗ ಮಗಳು ಮೈಥಿಲಿ ಫೋನಿನಿಂದ ತಲೆಯೆತ್ತಿದಳು. "ಸ್ಟಾಪ್ ಅಪ್ಪಾ. ರೇಸ್ ಕ್ಯಾನ್ಸಲ್. ಲೇಕ್ ಫ್ರೀಝೇ ಆಗಿಲ್ವಂತೆ. ನೆಕ್ಸ್ಟ್ ಇಯರ್ ಕೂಡ ಡೌಟು."

ಸ್ವೀಡನ್ನಿನ ಹೆಪ್ಪುಗಟ್ಟಿದ ಸರೋವರದ ಮೇಲೆ ಬೈಕ್ ಓಡಿಸುವುದು ಅವಳ ನಾಲ್ಕು ವರ್ಷಗಳ ಕನಸು. ಜಾರದಿರಲೆಂದು ಟೈರಿಗೆ ನೂರೆಂಟು ಮೊಳೆ. ನೀರಿನ ಮೇಲೆ ಹೋಗುವವಳೆಂದು ಒಂದೊಂದಕ್ಕೂ ಗಂಗೆಯ ಒಂದೊಂದು ನಾಮ. ಅವರು ನೆಲೆಸಿದ್ದ ಪರನಾಡಿನ ಸೌತ್ ಬಿ ಬಡಾವಣೆಯ ಬಿಸಿಲಿನಲ್ಲಿ ಮೊಳೆಗಳು ಹಿಮದ ಹರಳುಗಳಂತೆ ಮಿನುಗಿದವು. ಭಾರ್ಗವರಿಗೆ ಕ್ಷಣಕಾಲ ಅಂಗಳವೇ ಬೆಳ್ಳಗೆ ಹೆಪ್ಪುಗಟ್ಟಿ, ಮಗಳು ಅದರ ಮೇಲೆ ಎಡಕ್ಕೆ ವಾಲಿ ನಿಶ್ಶಬ್ದವಾಗಿ ಸುತ್ತುತ್ತಿರುವಂತೆ ಕಂಡಿತು.

"ಬೈಕ್ ಮಾರಿಬಿಡೋಣ," ಎಂದಳು ಮೈಥಿಲಿ.

"ಮಾರು. ಆದ್ರೆ ಅರ್ಚನೆ ಅರ್ಧಕ್ಕೆ ಬಿಡೋ ಹಾಗಿಲ್ಲ ಕಣಮ್ಮ. ಇನ್ನು ಹನ್ನೊಂದೇ."

"ಐಸೇ ಇಲ್ದಿರೋ ರೇಸಿಗೆ ಪೂಜೆ! ಯೂ ಆರ್ ಇಂಪಾಸಿಬಲ್."

ಭಾರ್ಗವರು ಮುಂದಿನ ಮೊಳೆಯನ್ನು ಎತ್ತಿಕೊಂಡರು. ನಾಮ ನುಡಿಯಲು ಅವರ ತುಟಿ ಅಲುಗುವ ಮೊದಲೇ ಮೈಥಿಲಿ ಎದುರಿಗೆ ಬಂದು ಕುಳಿತು, ಅದನ್ನು ಅವರ ಬೆರಳುಗಳಿಂದ ಬಿಡಿಸಿಕೊಂಡಳು. ಕನ್ನಡಕ್ಕೇ ತಡವರಿಸುವ ಅವಳ ನಾಲಿಗೆ, ಬೆಳಗಿನಿಂದ ಕೇಳುತ್ತಿದ್ದ ನಾಮಗಳಲ್ಲಿ ಹಿಡಿದುಕೊಂಡಿದ್ದ ಒಂದನ್ನು ಮೆಲ್ಲನೆ ನುಡಿಯಿತು: "ಭಾಗೀರಥ್ಯೈ ನಮಃ."

ಮೊಳೆಯನ್ನು ಬಿಗಿಯಾಗಿ ತಿರುಪಿದ ಬಳಿಕ ತಂದೆಯತ್ತ ನೋಡದೆಯೇ ಕೈ ಚಾಚಿದಳು. "ಎಣ್ಣೆ ಕೊಡಿ ಅಪ್ಪಾ. ನೆಕ್ಸ್ಟ್ ವಿಂಟರ್ ತನಕ ತುಕ್ಕು ಹಿಡೀಬಾರದು."